ಪೊರಕೆ ವ್ಯಾನಿನ ಮುಂದೆ

"ಅಲ್ಲಾಡಬೇಡ, ಸೂಜಿ ಚುಚ್ಚುತ್ತೆ," ಎಂದಳು ಅಮ್ಮ.

ಅಲ್ಲಾಡದೆ ನಿಲ್ಲುವುದು ಬುಗುರಿಯಿಂದ ಆಗುವ ಕೆಲಸವೇ ಅಲ್ಲ. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಅವಳಿಗೆ ಆ ಹೆಸರು ಬಿದ್ದಿತ್ತು. ಈಗಂತೂ ರೇಸ್ ಶುರುವಾಗುವ ಹೊತ್ತು. ಉಳಿದ ಹುಡುಗಿಯರೆಲ್ಲ ಸೈಕಲ್ ತಳ್ಳಿಕೊಂಡು ಬಿಳಿ ಗೆರೆಯ ಹತ್ತಿರ ಹೋಗುತ್ತಿದ್ದರು. ಬುಗುರಿಯ ಅಮ್ಮ ಮಾತ್ರ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು, ಮಗಳ ಬೆನ್ನಿಗೆ ನಂಬರ್ ಬಟ್ಟೆ ಹೊಲಿಯುತ್ತಿದ್ದಳು.

ನಂಬರಿನ ಜೊತೆ ಪಿನ್ನುಗಳನ್ನೂ ಕೊಟ್ಟಿದ್ದರು. ಎಲ್ಲರೂ ಅವನ್ನೇ ಚುಚ್ಚಿಕೊಂಡಿದ್ದರು. ಆದರೆ ಬುಗುರಿಯ ಅಮ್ಮ ಟೈಲರ್. ತನ್ನ ಮಗಳು ಊರಿನವರ ಮುಂದೆ ಪಿನ್ ಚುಚ್ಚಿಕೊಂಡು ಓಡಾಡುವುದೆಂದರೆ ಅವಳಿಗೆ ಮರ್ಯಾದೆಯ ಪ್ರಶ್ನೆ. ಪಿನ್ನುಗಳನ್ನು ಪರ್ಸಿಗೆ ಹಾಕಿಕೊಂಡು ಸೂಜಿ ದಾರ ತೆಗೆದಿದ್ದಳು. ನಾಲ್ಕೂ ಕಡೆ ಒತ್ತೊತ್ತಾಗಿ ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿ, ಬೆನ್ನು ತಟ್ಟಿದಳು. ಇನ್ನು ಬಿರುಗಾಳಿ ಬಂದರೂ ಇದು ಕಿತ್ತುಬರುವುದಿಲ್ಲ ಎಂದು ಪಕ್ಕದಲ್ಲಿದ್ದವರಿಗೆಲ್ಲ ಹೇಳಿದಳು.

ಬುಗುರಿ ಜಂಬದಿಂದಲೇ ಗೆರೆಯ ಹತ್ತಿರ ಹೋದಳು. ಜಂಬಕ್ಕೆ ಕಾರಣವಿತ್ತು. ಮಳೆಗಾಲ, ಚಳಿಗಾಲ ಪೂರ್ತಿ ರೋಡಿನಲ್ಲಿ ಸೈಕಲ್ ಹೊಡೆಯಲು ಅಮ್ಮ ಬಿಟ್ಟಿರಲಿಲ್ಲ. ಅದಕ್ಕೆ ಅಣ್ಣ ಅಮ್ಮನ ಹೊಲಿಗೆ ಕೋಣೆಯಲ್ಲಿ, ಎರಡು ಮಷೀನುಗಳ ನಡುವೆ ಒಂದು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಅವಳ ಸೈಕಲ್ಲಿನ ಹಿಂದಿನ ಚಕ್ರವನ್ನು ಅದಕ್ಕೆ ಸಿಕ್ಕಿಸಿಕೊಟ್ಟಿದ್ದ. ಅದರ ಮೇಲೆ ಕೂತು ಎಷ್ಟು ತುಳಿದರೂ ಸೈಕಲ್ ಇದ್ದಲ್ಲೇ ಇರುತ್ತದೆ, ಹಿಂದಿನ ಚಕ್ರ ಮಾತ್ರ ತಿರುಗುತ್ತದೆ. ಹ್ಯಾಂಡಲ್ಲಿನ ಮೀಟರಿನಲ್ಲಿ ಸ್ಪೀಡ್ ಕಾಣುತ್ತದೆ. ಹೋದ ವಾರ ಆ ಮೀಟರ್ ನಲವತ್ತು ಮುಟ್ಟಿತ್ತು. ಆ ನಲವತ್ತರ ಸುದ್ದಿಯನ್ನು ಬುಗುರಿ ತರಗತಿಗೆಲ್ಲ ಹೇಳಿದ್ದಳು. ಅಳತೆ ಕೊಡಲು ಬಂದವರನ್ನೂ ಬಿಟ್ಟಿರಲಿಲ್ಲ.

"ಮುಂದೆ ನುಗ್ಬೇಡ. ಯಾರದಾದ್ರೂ ಹಿಂದೆ ಅಂಟ್ಕೊಂಡಿರು," ಎಂದ ಅಣ್ಣ, ಅವಳ ಟೈರ್ ಒತ್ತಿ ನೋಡುತ್ತ.

ನಲವತ್ತರಲ್ಲಿ ಹೋಗುವವಳು ಯಾರ ಹಿಂದೆ ಯಾಕೆ ಅಂಟಿಕೊಳ್ಳಬೇಕು ಎಂದು ಬುಗುರಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದಳು.

ಇದು ಸೀಸನ್ನಿನ ಮೊದಲ ರೇಸ್. ಕ್ಲಬ್ಬಿನ ಕೋಚ್ ಮೇಡಂ ಒಂದು ಮಾತು ಹೇಳಿಬಿಟ್ಟಿದ್ದರು. ಗುಂಪಿನ ಜೊತೆಯಲ್ಲೇ ಗೆರೆ ದಾಟಿದವರು ಮುಂದಿನ ಭಾನುವಾರದಿಂದ ದೊಡ್ಡವರ ಜೊತೆ ರೋಡಿಗೆ ಹೋಗಬಹುದು. ಗುಂಪಿನಿಂದ ಹಿಂದೆ ಬಿದ್ದವರು ಇನ್ನೂ ಮೂರು ತಿಂಗಳು ಮೈದಾನದಲ್ಲೇ ಸುತ್ತಬೇಕು. ಮೈದಾನವೆಂದರೆ ಚಿಳ್ಳೆಪಿಳ್ಳೆಗಳ ಜಾಗ. ಅಲ್ಲಿ ಕೆಲವರ ಸೈಕಲ್ಲಿಗೆ ಇನ್ನೂ ಪುಟ್ಟ ಸೈಡ್ ಚಕ್ರ ಇತ್ತು. ಹಾಲುಹಲ್ಲು ಬೀಳದವರ ಜೊತೆ, ನೆಲದ ಮೇಲಿಟ್ಟ ಕೆಂಪು ಕೋನುಗಳ ಸುತ್ತ ಸುತ್ತುವುದನ್ನು ನೆನೆಸಿಕೊಂಡರೇ ಬುಗುರಿಗೆ ಮೈಯೆಲ್ಲ ಉರಿಯುತ್ತಿತ್ತು.

ಸೀಟಿ ಊದಿದರು. ಬುಗುರಿ ಅಣ್ಣನ ಮಾತನ್ನು ಗೆರೆಯ ಹತ್ತಿರವೇ ಬಿಟ್ಟು ಎಲ್ಲರಿಗಿಂತ ಮುಂದೆ ನುಗ್ಗಿದಳು.

ರೇಸಿಗೆ ಎರಡು ಸುತ್ತು. ರಸ್ತೆಯ ಮೊದಲರ್ಧ ಉದ್ದುದ್ದ ಗೋಡೌನುಗಳ ಪಕ್ಕದಲ್ಲಿ ಹೋಗುತ್ತಿತ್ತು. ಭಾನುವಾರವಾದ್ದರಿಂದ ಲಾರಿಗಳಿರಲಿಲ್ಲ. ಮೀಟರ್ ಇಪ್ಪತ್ತೆಂಟು, ಮೂವತ್ತು ತೋರಿಸಿತು. ಬುಗುರಿ ಹಿಂದೆ ತಿರುಗಿ ನೋಡಿದಳು. ಹುಡುಗಿಯರೆಲ್ಲ ಅವಳ ಹಿಂದೆ ಸಾಲಾಗಿ ಬರುತ್ತಿದ್ದರು. ಯಾರೂ ಅವಳನ್ನು ದಾಟಲು ಹೋಗಲಿಲ್ಲ. ಇವರಿಗೆ ಆಗುತ್ತಿಲ್ಲ ಎಂದು ಅವಳು ಒಳಗೊಳಗೇ ನಕ್ಕಳು.

ಗೋಡೌನುಗಳು ಮುಗಿದು ಬಯಲು ಬಂತು. ಗಾಳಿ ಎದುರಿನಿಂದ ರಪ್ಪನೆ ಬಡಿಯಿತು.

ಹೊಲಿಗೆ ಕೋಣೆಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಬಟ್ಟೆ ಹಾರುತ್ತದೆ ಎಂದು ಅಮ್ಮ ಫ್ಯಾನನ್ನೂ ಹಾಕುತ್ತಿರಲಿಲ್ಲ. ಬುಗುರಿ ತಲೆ ತಗ್ಗಿಸಿ ತುಳಿದಳು. ಮೀಟರ್ ಇಪ್ಪತ್ತಕ್ಕೆ ಇಳಿಯಿತು. ಹಲ್ಲು ಕಚ್ಚಿ ತುಳಿದಳು. ಹದಿನೆಂಟಾಯಿತು. ಮೀಟರ್ ಕೆಟ್ಟಿರಬೇಕು ಎಂದು ಬೆರಳಿನಿಂದ ಎರಡು ಸಲ ಕುಟ್ಟಿದಳು. ಅದು ಹದಿನೇಳಕ್ಕೆ ಬಂತು.

ಆಗ ಹಿಂದಿದ್ದವರು ಒಬ್ಬೊಬ್ಬರಾಗಿ ಅವಳನ್ನು ದಾಟಿದರು. ಅವರಿಗೆ ಏದುಸಿರೂ ಇರಲಿಲ್ಲ. ಒಬ್ಬಳಂತೂ ಥ್ಯಾಂಕ್ಸ್ ಹೇಳಿ ಹೋದಳು. ಇಷ್ಟು ಹೊತ್ತು ಗಾಳಿಯನ್ನೆಲ್ಲ ತಾನೊಬ್ಬಳೇ ತಿಂದು ಇವರನ್ನೆಲ್ಲ ಸುಖವಾಗಿ ಕರೆತಂದಿದ್ದೇನೆ ಎಂದು ಬುಗುರಿಗೆ ಆಗ ಹೊಳೆಯಿತು. ಪೆಚ್ಚಾದಳು. ಕೊನೆಗೆ ಹಸಿರು ಜೆರ್ಸಿಯ ಹುಡುಗಿಯೊಬ್ಬಳ ಹಿಂದೆ ಹೇಗೋ ಸೇರಿಕೊಂಡಳು. ಅಲ್ಲಿ ಗಾಳಿ ಅರ್ಧಕ್ಕರ್ಧ ಕಡಿಮೆ ಇತ್ತು. ಅಣ್ಣನ ಮಾತು ಈಗ ಅರ್ಥವಾಯಿತು.

ಗುಂಪಿನ ಬಾಲದಲ್ಲೇ ಅವಳು ಮೊದಲ ಸುತ್ತು ಮುಗಿಸಿದಳು. ಹೊಟ್ಟೆ ಚುರುಗುಟ್ಟತೊಡಗಿತು. ಮೊದಲ ಸುತ್ತಾದ ಮೇಲೆ ಅರ್ಧ ಬಾಳೆಹಣ್ಣು ತಿನ್ನಬೇಕೆಂದು ಕೋಚ್ ಮೇಡಂ ಹೇಳಿದ್ದರು. ಸೈಕಲ್ ಜೆರ್ಸಿಗೆ ಜೇಬಿರುವುದು ಬೆನ್ನಿನಲ್ಲಿ, ಸೊಂಟದ ಹತ್ತಿರ. ಬಾಳೆಹಣ್ಣನ್ನು ಬೆಳಿಗ್ಗೆಯೇ ಅಲ್ಲಿ ಇಟ್ಟಿದ್ದಳು. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಹಿಂದಕ್ಕೆ ಹಾಕಿದಳು.

ಬಾಳೆಹಣ್ಣು ಕೈಗೆ ತಗುಲಿತು. ಆದರೆ ಜೇಬಿನ ಬಾಯಿ ಸಿಗಲಿಲ್ಲ.

ಆ ಕಡೆ ತಡವಿದಳು, ಈ ಕಡೆ ತಡವಿದಳು. ಬೆರಳಿಗೆ ಸಿಕ್ಕಿದ್ದು ಅಮ್ಮನ ಹೊಲಿಗೆ. ನಂಬರಿನ ಜೊತೆ ಅಮ್ಮ ಜೇಬಿನ ಬಾಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು, ಅದೂ ಬಿರುಗಾಳಿಗೂ ಕಿತ್ತುಬರದ ಹಾಗೆ. ಬುಗುರಿ ಸಿಟ್ಟಿನಿಂದ ಜೋರಾಗಿ ಎಳೆದಳು. ಹೊಲಿಗೆ ಜಗ್ಗಲಿಲ್ಲ, ಸೈಕಲ್ ಜಗ್ಗಿತು. ಮುಂದಿನ ಚಕ್ರ ಓಲಾಡಿ ರಸ್ತೆ ಬದಿಯ ಮಣ್ಣಿಗೆ ಇಳಿಯಿತು. ಅವಳು ಬೀಳಲಿಲ್ಲ, ಕಾಲು ಕೊಟ್ಟು ನಿಂತಳು. ಆದರೆ ಚೈನ್ ಕಳಚಿತ್ತು.

ಕೈಯೆಲ್ಲ ಕಪ್ಪು ಮಾಡಿಕೊಂಡು ಚೈನ್ ಹಾಕಿ ತಲೆಯೆತ್ತುವಷ್ಟರಲ್ಲಿ ಗುಂಪು ಗೋಡೌನಿನ ಕೊನೆಯಲ್ಲಿ ಚಿಕ್ಕದಾಗಿ ಕಾಣುತ್ತಿತ್ತು. ಬುಗುರಿಗೆ ಅಳು ಒತ್ತಿಕೊಂಡು ಬಂತು. ಹಿಂದಿನಿಂದ ಹಾರ್ನ್ ಕೇಳಿಸಿತು.

ಹಾರ್ನ್ ಮಾಡಿದ್ದು ಪೊರಕೆ ವ್ಯಾನ್. ರೇಸಿನಲ್ಲಿ ಎಲ್ಲರಿಗಿಂತ ಹಿಂದೆ ಒಂದು ಬಿಳಿ ವ್ಯಾನ್ ಬರುತ್ತದೆ. ಯಾರಾದರೂ ತೀರಾ ನಿಧಾನವಾದರೆ ಅವರನ್ನೂ ಅವರ ಸೈಕಲ್ಲನ್ನೂ ಹತ್ತಿಸಿಕೊಂಡು ಬರುವುದು ಅದರ ಕೆಲಸ. ರಸ್ತೆ ಗುಡಿಸುವ ವ್ಯಾನ್ ಎಂದು ತಮಾಷೆಗೆ ಅದರ ಮೂತಿಗೆ ನಿಜವಾದ ಪೊರಕೆಯನ್ನೇ ಕಟ್ಟಿದ್ದರು.

ಆ ವ್ಯಾನಿಗೂ ಬುಗುರಿಗೂ ನಡುವೆ ಒಬ್ಬ ಹುಡುಗಿ ಬರುತ್ತಿದ್ದಳು. ಬೇರೆ ಕ್ಲಬ್ಬಿನವಳು. ದಪ್ಪ ಕನ್ನಡಕ ಹಾಕಿಕೊಂಡು, ಅದು ಬೀಳದಂತೆ ಹಿಂದೆ ಎಲಾಸ್ಟಿಕ್ ಕಟ್ಟಿಕೊಂಡಿದ್ದಳು.

"ಒಬ್ಬಳೇ ಹೋದ್ರೆ ಗಾಳಿ ಬಿಡಲ್ಲ," ಎಂದಳು ಕನ್ನಡಕದ ಹುಡುಗಿ, ಹತ್ತಿರ ಬಂದು. "ಒಂದು ಮರದವರೆಗೂ ನಾನು ಮುಂದೆ. ಅಲ್ಲಿಂದ ಇನ್ನೊಂದು ಮರದವರೆಗೂ ನೀನು. ಆಗುತ್ತಾ?"

ಬುಗುರಿ ಒಪ್ಪಿಕೊಂಡಳು. ಬಯಲಿನ ರಸ್ತೆಯಲ್ಲಿ ಮರಗಳು ದೂರದೂರ ಇದ್ದವು. ಮುಂದೆ ಇದ್ದಾಗ ಕಾಲು ಕಿತ್ತು ಬರುವಷ್ಟು ನೋವು. ಹಿಂದೆ ಹೋದಾಗ ಉಸಿರು ತೆಗೆದುಕೊಳ್ಳಬಹುದು, ಮಾತನ್ನೂ ಆಡಬಹುದು. ಕನ್ನಡಕದ ಹುಡುಗಿ ತನ್ನ ಕತೆ ಹೇಳಿದಳು. ಹೋದ ವರ್ಷ ಅವಳನ್ನು ಪೊರಕೆ ವ್ಯಾನ್ ಎತ್ತಿಕೊಂಡಿತ್ತು. ಗೆರೆಯ ಹತ್ತಿರ ಮನೆಯವರೆಲ್ಲ ಕಾಯುತ್ತಿದ್ದರು.

"ನಮ್ಮಜ್ಜಿ ನಾನು ವ್ಯಾನಿಂದ ಇಳಿಯೋದನ್ನ ನೋಡಿ, ಫಸ್ಟ್ ಬಂದವರನ್ನ ವ್ಯಾನಲ್ಲಿ ಕರ್ಕೊಂಡು ಬರ್ತಾರೆ ಅಂದ್ಕೊಂಡು ಚಪ್ಪಾಳೆ ಹೊಡೆದ್ರು," ಎಂದಳು ಅವಳು.

ಬುಗುರಿಗೆ ನಗು ತಡೆಯಲಾಗಲಿಲ್ಲ. ಕನ್ನಡಕದ ಹುಡುಗಿಯೂ ನಕ್ಕಳು. ಆದರೆ ನಕ್ಕು ಮುಗಿಸಿ, ಈ ಸಲ ಕೊನೆಯವಳಾಗಿ ಬಂದರೂ ಪರವಾಗಿಲ್ಲ, ತನ್ನ ಸೈಕಲ್ ಮೇಲೇ ಗೆರೆ ದಾಟಬೇಕು ಎಂದಳು. ಆ ಮಾತು ಹೇಳುವಾಗ ಅವಳು ನಗಲಿಲ್ಲ.

ಹಾಗೆಯೇ ಮರದಿಂದ ಮರಕ್ಕೆ ಹೋಗುತ್ತಿದ್ದಾಗ ಬುಗುರಿಗೆ ನಂಬಲಾಗದಂಥದ್ದು ಕಾಣಿಸಿತು. ಮುಂದಿನ ತಿರುವಿಗೆ ಮೊದಲು ಗುಂಪು ನಿಧಾನವಾಗಿತ್ತು. ಕೊನೆಯ ಓಟಕ್ಕೆ ಶಕ್ತಿ ಉಳಿಸಿಕೊಳ್ಳಲು ಯಾರೂ ಮುಂದೆ ಹೋಗುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಸಿರು ಜೆರ್ಸಿಯ ಬೆನ್ನಿನ ಮೇಲಿನ ನಂಬರೂ ಓದಲು ಬರುತ್ತಿತ್ತು.

ಆಗ ಮುಂದೆ ಇದ್ದದ್ದು ಬುಗುರಿ. ಕನ್ನಡಕದ ಹುಡುಗಿಗೂ ಗುಂಪು ಕಂಡಿತು.

"ನೀನು ಹೋಗು. ಸಿಗ್ತಾರೆ ನಿಂಗೆ," ಎಂದಳು ಅವಳು. ಅವಳಿಗೆ ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ.

ಬುಗುರಿ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಸೀಟಿನಿಂದ ಎದ್ದು ನಿಂತು ತುಳಿದಳು. ಗುಂಪು ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ಭಾನುವಾರದ ರೋಡು, ದೊಡ್ಡವರ ಸಾಲು, ಎಲ್ಲ ಕಣ್ಣ ಮುಂದೆ ಬಂದವು. ಇನ್ನೇನು ಐದಾರು ಸೈಕಲ್ಲಿನಷ್ಟು ದೂರ. ಆಗ ಅವಳು ತೋಳಿನ ಕೆಳಗಿನಿಂದ ಹಿಂದಕ್ಕೆ ನೋಡಿದಳು.

ನೋಡಬಾರದಿತ್ತು. ಕನ್ನಡಕದ ಹುಡುಗಿ ಗಾಳಿಗೆ ಸಿಕ್ಕಿ ಅತ್ತಿತ್ತ ಓಲಾಡುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಪೊರಕೆ ಕಾಣುತ್ತಿತ್ತು. ವ್ಯಾನಿನವರು ಪಕ್ಕದ ಬಾಗಿಲನ್ನು ಆಗಲೇ ಸರಿಸಿ ಇಟ್ಟುಕೊಂಡಿದ್ದರು.

ಬುಗುರಿ ಮುಂದೆ ನೋಡಿದಳು. ಹಿಂದೆ ನೋಡಿದಳು. ತನ್ನ ಸರದಿ ಮುಗಿಯುವ ಮರ ಇನ್ನೂ ಬಂದಿರಲಿಲ್ಲ. ಮೈದಾನವನ್ನೂ ಕೆಂಪು ಕೋನುಗಳನ್ನೂ ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡಳು. ಆಮೇಲೆ ತುಳಿಯುವುದನ್ನು ನಿಲ್ಲಿಸಿದಳು.

ಹಸಿರು ಜೆರ್ಸಿ ತಿರುವಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು.

"ಯಾಕೆ ನಿಂತೆ?" ಎಂದು ಕೇಳಿದಳು ಕನ್ನಡಕದ ಹುಡುಗಿ.

"ಮರ ಇನ್ನೂ ಬಂದಿಲ್ಲ," ಎಂದಳು ಬುಗುರಿ, ಸಿಟ್ಟಿನಿಂದಲೇ. "ಹಿಂದೆ ಬಾ."

ಆ ಮರ ಬಂತು, ಹೋಯಿತು. ಮುಂದಿನ ಮರವೂ ಹೋಯಿತು. ಇಬ್ಬರೂ ಒಟ್ಟಿಗೆ ಗೆರೆ ದಾಟಿದಾಗ ವ್ಯಾನು ಅವರ ಹಿಂದೆ ಖಾಲಿಯಾಗಿಯೇ ಬಂತು. ಕನ್ನಡಕದ ಹುಡುಗಿಯ ಅಜ್ಜಿ ಈ ಸಲವೂ ಚಪ್ಪಾಳೆ ಹೊಡೆದರು. ಮೊಮ್ಮಗಳು ಇಳಿದು ಓಡಿ ಹೋಗಿ ಅವರನ್ನು ತಬ್ಬಿಕೊಂಡಳು. ಗೆದ್ದವಳ ಮನೆಯವರೂ ಅಷ್ಟು ಗಲಾಟೆ ಮಾಡಿರಲಿಲ್ಲ.

ಕೋಚ್ ಮೇಡಂ ಬುಗುರಿಗೆ ನೀರಿನ ಬಾಟಲಿ ಕೊಟ್ಟು, ಮುಂದಿನ ಭಾನುವಾರ ಮೈದಾನಕ್ಕೆ ಬಾ ಎಂದರು. ದನಿ ಮೆತ್ತಗಿತ್ತು. ಆದರೆ ಮಾತು ಮಾತೇ. ಬುಗುರಿಗೆ ಬೇಜಾರಾಯಿತು, ತುಂಬಾ ಬೇಜಾರಾಯಿತು. ನೀರು ಕುಡಿಯುವ ನೆಪದಲ್ಲಿ ಬಾಟಲಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು.

ಅಮ್ಮ ಕತ್ತರಿ ತಂದು ಹೊಲಿಗೆ ಬಿಚ್ಚಿದಳು. ಜೇಬಿನೊಳಗಿನ ಬಾಳೆಹಣ್ಣು ಗೊಜ್ಜಾಗಿ ಹೋಗಿತ್ತು. ಅದನ್ನು ನೋಡಿ ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಎಡವಟ್ಟು ಆಗಿರಲಿಲ್ಲ, ಗಿರಾಕಿಗಳಿಗೆ ಮಾತ್ರ ಹೇಳಬೇಡ ಎಂದು ಬೇಡಿಕೊಂಡಳು. ಅವಳ ಮುಖ ನೋಡಿ ಬುಗುರಿಗೆ ಅಳುವಿನ ಮಧ್ಯೆಯೇ ನಗು ಬಂತು.

ಅಣ್ಣ ತಿರುವಿನ ಹತ್ತಿರ ನಿಂತು ಎಲ್ಲ ನೋಡಿದ್ದ. "ಗುಂಪು ಸಿಗ್ತಿತ್ತು ಅಲ್ವಾ?" ಎಂದು ಮೆಲ್ಲಗೆ ಕೇಳಿದ.

"ಹೂಂ," ಎಂದಳು ಬುಗುರಿ.

ಅವನು ಮನೆಯವರೆಗೂ ಅವಳ ಸೈಕಲ್ಲನ್ನು ತಾನೇ ತಳ್ಳಿಕೊಂಡು ಬಂದ.

ಮುಂದಿನ ಭಾನುವಾರ ಗಾಳಿ ಇನ್ನೂ ಜೋರಾಗಿತ್ತು. ದೊಡ್ಡವರ ಸಾಲು ಬೆಲ್ ಬಾರಿಸುತ್ತ ರೋಡಿಗೆ ಹೋಯಿತು. ಬುಗುರಿ ಅದು ಕಣ್ಮರೆಯಾಗುವವರೆಗೂ ನೋಡಿದಳು. ಆಮೇಲೆ ಮುಖ ಗಂಟಿಕ್ಕಿಕೊಂಡು ಮೈದಾನಕ್ಕೆ ಇಳಿದಳು. ಅಲ್ಲಿ ಚಿಳ್ಳೆಪಿಳ್ಳೆಗಳು ಕೋನುಗಳ ಸುತ್ತ ಸುತ್ತುತ್ತಿದ್ದವು. ಎಲ್ಲರಿಗಿಂತ ಹಿಂದೆ ಒಬ್ಬ ಪುಟ್ಟ ಹುಡುಗಿ ಇದ್ದಳು. ಹೋದ ವಾರವಷ್ಟೇ ಅವಳ ಸೈಕಲ್ಲಿನ ಸೈಡ್ ಚಕ್ರ ತೆಗೆದಿದ್ದರು. ಗಾಳಿ ಎದುರಾಗುವ ಕಡೆ ಬಂದಾಗಲೆಲ್ಲ ಅವಳ ಸೈಕಲ್ ನಿಂತೇಬಿಡುತ್ತಿತ್ತು. ತುಟಿ ಆಗಲೇ ಅಳಲು ತಯಾರಾಗಿತ್ತು.

ಬುಗುರಿ ಒಂದು ಸುತ್ತು ನೋಡಿದಳು. ಇನ್ನೊಂದು ಸುತ್ತಿಗೆ ತಾನೇ ಹೋಗಿ ಆ ಪುಟ್ಟಿಯ ಮುಂದೆ ಸೇರಿಕೊಂಡಳು.

"ನನ್ನ ಚಕ್ರ ನೋಡ್ಕೊಂಡು ಹಿಂದೇನೇ ಬಾ," ಎಂದಳು.

ಗಾಳಿಯ ಕಡೆ ತಿರುಗಿದರು. ಬುಗುರಿಯ ಕಣ್ಣಿಗೆ ಧೂಳು ಬಡಿಯಿತು, ಜೆರ್ಸಿ ಪಟಪಟನೆ ಹೊಡೆದುಕೊಂಡಿತು. ಹಿಂದಿನಿಂದ ಪೆಡಲ್ ತಿರುಗುವ ಸದ್ದು ನಿಲ್ಲದೆ ಬರುತ್ತಿತ್ತು.

"ಅಕ್ಕಾ, ಗಾಳಿ ನಿಂತುಹೋಯ್ತಾ?" ಎಂದು ಕೇಳಿತು ಪುಟ್ಟಿ.

ಬುಗುರಿ ತಲೆಯನ್ನು ಇನ್ನಷ್ಟು ತಗ್ಗಿಸಿದಳು.

"ಹೂಂ, ನಿಂತಿದೆ," ಎಂದಳು. "ನೀನು ತುಳಿ."