ಜರುಗದ ಕೋರೆಹಲ್ಲು

ಶಿವರಂಜಿನಿಯ ಕೋರೆಹಲ್ಲು ಈ ತಿಂಗಳೂ ಜರುಗಿರಲಿಲ್ಲ.

ಡಾಕ್ಟರ್ ಮಾದೇಶನಿಗೆ ತನ್ನ ಮೇಲೇ ಸಿಟ್ಟು ಬಂತು. ಚಾಮರಾಜನಗರದ ಅವನ ಕ್ಲಿನಿಕ್‌ನಲ್ಲಿ ಉಳಿದವರ ಹಲ್ಲೆಲ್ಲ ಹೇಳಿದ ಮಾತು ಕೇಳುತ್ತಿದ್ದವು. ಗುಂಡ್ಲುಪೇಟೆಯಲ್ಲಿ ಟೀಚರ್ ಆಗಿದ್ದ ಇವಳ ಹಲ್ಲು ಮಾತ್ರ, ಪಕ್ಕದ ಹಲ್ಲು ಕಿತ್ತು ಜಾಗ ಮಾಡಿಕೊಟ್ಟರೂ ಹಟ ಹಿಡಿದು ನಿಂತಿತ್ತು. ಇವಳು ಬರುವ ದಿನ ತಾನು ಇಸ್ತ್ರಿ ಅಂಗಿಗೇ ಕೈಹಾಕುವುದು ಅವನಿಗೆ ಗೊತ್ತಿತ್ತು. ಇವಳು ಬರುತ್ತಲೇ ಇರಲಿ ಎಂಬ ಆಸೆಯಲ್ಲಿ ತಾನೇ ಹಲ್ಲಿನ ಕ್ಲಿಪ್‌ಗೆ ತಂತಿ ಸೇರಿಸುವ ಕಟ್ಟನ್ನು ಬಿಗಿ ಮಾಡಿಬಿಟ್ಟೆನೇ? ಕಟ್ಟು ಬಿಗಿಯಾದಷ್ಟೂ ತಂತಿಗೂ ಕ್ಲಿಪ್‌ಗೂ ತಿಕ್ಕಾಟ ಹೆಚ್ಚು. ಎಳೆಯುವ ಬಲವನ್ನೆಲ್ಲ ಅದೇ ನುಂಗಿ, ಹಲ್ಲು ಅಲ್ಲೇ ಉಳಿಯುತ್ತದೆ.

ಕಟ್ಟು ನೋಡಿದ, ಸರಿಯಾಗಿಯೇ ಇತ್ತು. ತಂತಿ ಬಿಚ್ಚಿ ಬೆಳಕಿಗೆ ಹಿಡಿದಾಗ ಸಣ್ಣದೊಂದು ಡೊಂಕು ಕಂಡಿತು. ಕ್ಲಿಪ್ ಅಲ್ಲಿಯೇ ಸಿಕ್ಕಿಕೊಂಡಿತ್ತು. ಗಟ್ಟಿಯಾದದ್ದೇನಾದರೂ ಕಡಿದಿರಾ ಎಂದು ಕೇಳಿದ.

ಅವಳು ಚಾವಣಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅವನತ್ತ ಕಣ್ಣು ಹೊರಳಿಸಿದಳು.

"ಹುರಿದ ಹುಳ್ಳಿಕಾಳು. ಬೇಕಂತ್ಲೇ ಕಡ್ದೆ. ಕ್ಲಿಪ್ ತಗದ್ಬುಟ್ರೆ ಕುದೇರಿನವ್ರು ಹೆಣ್ಣು ನೋಡಕ್ಕೆ ಬತ್ತಾರೆ ಅಂತ ಅಪ್ಪ ಮಾತು ಕೊಟ್ಬುಟ್ಟವ್ರೆ. ಆಮೇಲೆ ನಾನು ಇಲ್ಲಿಗೆ ಯಾವ ನೆಪ ಹೇಳ್ಕಂಡು ಬರ್ಲಿ?"

ಮಾದೇಶನ ಜೀವ ಕುಣಿಯಿತು, ಅದರ ಬೆನ್ನಿಗೇ ಭಯವೂ ಆಯಿತು. ಅವಳ ತಂದೆ ಗುರುಮಲ್ಲಯ್ಯನವರು ತೆರಕಣಾಂಬಿಯ ಜಮೀನುದಾರರು. ಇವನ ಅಪ್ಪ ಹರವೆಯಲ್ಲಿ ಇನ್ನೂ ಕೂಲಿಗೆ ಹೋಗುವವರು.

ಹೀಗೇ ಬಿಟ್ಟರೆ ಕೋರೆಹಲ್ಲು ನಿಂತಲ್ಲೇ ನಿಂತು, ಹಿಂದಿನ ದವಡೆಹಲ್ಲು ಮುಂದಕ್ಕೆ ಬಂದು ಬಾಯಿಯೇ ಕೆಡುತ್ತದೆ ಎಂದು ತಿಳಿಸಿ ಹೇಳಿದ. ನುಣುಪಾದ ಹೊಸ ತಂತಿ ಹಾಕಿ, ಸಡಿಲವಾಗಿ ಕಟ್ಟಿದ. ಮುಂದಿನ ತಿಂಗಳಿಂದ ತನ್ನ ಜೊತೆಗಾರ್ತಿ ಡಾಕ್ಟರ್ ನಯನಾ ನೋಡಿಕೊಳ್ಳುತ್ತಾರೆ ಎಂದೂ ಹೇಳಿದ.

ಅವಳ ಮುಖ ಚಿಕ್ಕದಾಯಿತು. ಬೇಗ ಸಾಗಹಾಕುವ ಉಪಾಯವೋ ಎಂದು ಕೇಳಿ ಬ್ಯಾಗು ಹೆಗಲಿಗೇರಿಸಿದಳು.

ಮಾದೇಶ ಗ್ಲೌಸ್ ಕಳಚಿಟ್ಟ. "ಪೇಷಂಟ್ ಮುಂದೆ ನಾನು ಏನೂ ಹೇಳಂಗಿಲ್ಲ. ಇನ್ಮೇಲೆ ನೀವು ನನ್ನ ಪೇಷಂಟ್ ಅಲ್ಲ. ನಂಗೂ ನೀವಂದ್ರೆ ಪ್ರಾಣ. ಭಾನುವಾರ ನಿಮ್ಮನೆಗೆ ಬಂದು ಕೇಳ್ತೀನಿ."

ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಪ್ಪ ಜಾತಿ ಕೇಳುತ್ತಾರೆ, ಜಗಲಿಯಿಂದಲೇ ಕಳಿಸಿದರೂ ಕಳಿಸಿಯಾರು ಎಂದಳು. ಹಾಗೆ ಕಳಿಸಬಹುದು ಎಂದು ಅವನೂ ಒಪ್ಪಿಕೊಂಡ.

ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು.

"ಬನ್ನಿ. ನಿಮ್ಮನ್ನ ಒಳಕ್ಕೆ ಕರೀದಿದ್ರೆ, ನಾನೇ ಹೊರಕ್ಕೆ ಬತ್ತೀನಿ."