ನಾನು ಬಿಟ್ಟು ಇಳಿದ ಸೀಟು

ಬಣ್ಣ ಕಟ್ಟಿ ಹೇಳುತ್ತಿಲ್ಲ, ನಡೆದದ್ದು ಇಷ್ಟೇ. ಅಕ್ಕ ತೀರಿಕೊಂಡ ಮರುವರ್ಷ ಭಾವ ನನ್ನನ್ನು ದ್ರಾಕ್ಷಿ ಬೆಳೆಯುವ ಬೆಟ್ಟದ ಸೀಮೆ ತೋರಿಸಲು ಕರೆದುಕೊಂಡು ಹೋದರು. ನೋಡಬೇಕೆಂದು ಅಕ್ಕ ಕೊನೆಯವರೆಗೂ ಹಂಬಲಿಸಿದ್ದ ಜಾಗ ಅದು. "ನಾನೂ ಇದೇ ಮೊದಲು ಬರ್ತಿರೋದು," ಎಂದರು ಭಾವ. ಆದರೆ ಕವಲು ಬಂದಲ್ಲೆಲ್ಲ ಬೋರ್ಡು ನೋಡದೆ ಕಾರು ತಿರುಗಿಸುತ್ತಿದ್ದರು. ನನಗೆ ಅಲ್ಲೇ ಅನುಮಾನ ಶುರುವಾಯಿತು.

ಹೊರಗೆ ಸುಡುಬಿಸಿಲು. ಎ.ಸಿ. ಹಾಕಿರಲಿಲ್ಲ, ಆದರೂ ನನ್ನ ಕತ್ತಿನ ಹಿಂಭಾಗ ಮಾತ್ರ ತಣ್ಣಗಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಒಂದು ಚೀಲವೂ ಇರಲಿಲ್ಲ. ಅಲ್ಲಿ ಯಾರೋ ಬೆಲ್ಟ್ ಹಾಕಿಲ್ಲವೆಂದು ಕಾರು ಕೀಂಕೀಂ ಎನ್ನತೊಡಗಿತು. ಭಾವ ಕನ್ನಡಿಯತ್ತ ಕಣ್ಣು ಹಾಯಿಸಿ, ಮೆಲ್ಲಗೆ "ಹಾಕ್ಕೋ," ಎಂದರು. ಮುಂದೆ ಅವರ ಪಕ್ಕ ಕೂತಿದ್ದ ನಾನು ಹಾಕಿಕೊಂಡೇ ಇದ್ದೆ. ಸದ್ದು ನಿಂತಿತು.

ವೈನ್ ತಯಾರಿಸುವ ತೋಟವೊಂದರಲ್ಲಿ ನಿಲ್ಲಿಸಿದೆವು. ರುಚಿ ನೋಡಲು ಸುರಿದುಕೊಡುವ ಹೆಂಗಸು ಭಾವನನ್ನು ಕಂಡು ನಕ್ಕಳು. "ಬನ್ನಿ ಸಾರ್. ಮೇಡಂ ಇವತ್ತೂ ಕಾರಿಂದ ಇಳಿಯಲ್ವಾ?"

"ಯಾವ ಮೇಡಂ?" ಎಂದೆ ನಾನು.

ಆಕೆ ಕಿಟಕಿಯಾಚೆ ನಮ್ಮ ಕಾರನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. "ನೀವು ಅವರ ತಂಗಿನಾ? ಅದೇ ಮುಖ."

ಭಾವ ಗ್ಲಾಸು ಮುಟ್ಟದೆ ಎದ್ದು ಹೊರಗೆ ಹೋದರು.

ತಲೆನೋವೆಂದು ನೆಪ ಹೇಳಿ, ತೋಟದೆದುರು ಬಂದ ಬಸ್ಸು ಹತ್ತಿದೆ. ಅವರು ಬೇಡವೆನ್ನಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ನಾನು ಕೂತಿದ್ದ ಮುಂದಿನ ಸೀಟಿನ ಬಾಗಿಲನ್ನು ಭಾವ ತೆರೆದು ಹಿಡಿದಿದ್ದರು. ಯಾರೋ ಕೂತು ಕಾಲು ಒಳಗೆಳೆದುಕೊಳ್ಳುವಷ್ಟು ಹೊತ್ತು ಕಾದು, ಮೆಲ್ಲಗೆ ಮುಚ್ಚಿದರು.