ಎರಡು ರಿಂಗಿನ ಮಿಸ್ಡ್ ಕಾಲ್

೨೦೦೬ರ ಮಾರ್ಚ್ ೧೪, ಬೆಳಿಗ್ಗೆ ಹತ್ತೂವರೆ. ತಾಂಡ್ಯದ ಬಣ್ಣದ ಕಾರ್ಖಾನೆಯ ಮ್ಯಾನೇಜರ್ ನಂಜನಗೂಡಿನ ಠಾಣೆಗೆ ದೂರು ತಂದರು. ಹೊಳೆಗೆ ಬಿಡುವ ನೀರಿನ ಅಸಲಿ ಪರೀಕ್ಷೆಯ ಹಾಳೆಗಳು ಕಳುವಾಗಿ ವಾರಪತ್ರಿಕೆಯಲ್ಲಿ ಅಚ್ಚಾಗಿದ್ದವು. ಹಾಳೆ ಕದ್ದವರ ಮೇಲೆ ಎಫ್‌ಐಆರ್ ಆಯಿತು. ಹೊಳೆಗೆ ವಿಷ ಬಿಟ್ಟವರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ದೊಡ್ಡಮಾದಯ್ಯನಿಗೆ ಕಸಿವಿಸಿಯಾಯಿತು.

ಪತ್ರಿಕೆಯಲ್ಲಿ ಅದನ್ನು ಬರೆದಿದ್ದ ವರದಿಗಾರ ಮಂಟೇಸ್ವಾಮಿಯನ್ನು ಕರೆಸಿದರು.

“ಹಾಳೆ ಯಾರು ಕೊಟ್ರು?” ಇನ್ಸ್‌ಪೆಕ್ಟರ್ ದೀಪಕ್ ಕೇಳಿದರು.

“ಯೋಳಕ್ಕಾಗಲ್ಲ ಸಾ.”

“ಒಳಗೆ ಹಾಕ್ತೀನಿ.”

“ಆಕ್ಬುಡಿ ಸಾ.”

ಅವನ ಮೊಬೈಲನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಅದರಲ್ಲಿದ್ದುದನ್ನೆಲ್ಲ ಅವನು ಮೊದಲೇ ಅಳಿಸಿದ್ದ. ಫೋನ್ ಕಂಪನಿಯಿಂದ ಮೂರು ತಿಂಗಳ ಕರೆಗಳ ಪಟ್ಟಿ ತರಿಸಿದರೆ ಅದರಲ್ಲಿ ಹೆಂಡತಿ, ಅಕ್ಕ, ಪ್ರೆಸ್ಸಿನವರು ಇದ್ದರು. ಕಾರ್ಖಾನೆಯ ನರಪಿಳ್ಳೆಯೂ ಇರಲಿಲ್ಲ.

“ಫೋನ್ ಆಫ್ ಮಾಡ್ಬೇಡಿ, ಎದುರಿಗೇ ಇಟ್ಕೊಳ್ಳಿ,” ಎಂದು ದೀಪಕ್ ದೊಡ್ಡಮಾದಯ್ಯನಿಗೆ ಹೇಳಿದರು.

ಮೂರು ದಿನ ಮಂಟೇಸ್ವಾಮಿ ಠಾಣೆಯ ಬೆಂಚಿನ ಮೇಲೆ ತುಟಿ ಬಿಚ್ಚದೆ ಕುಳಿತ. ದೊಡ್ಡಮಾದಯ್ಯ ಒಳಗೊಳಗೇ ಮೆಚ್ಚಿಕೊಂಡ.

೧೭ರಂದು ೧೧.೧೦ಕ್ಕೆ ಫೋನ್ ಎರಡು ಸಲ ರಿಂಗಾಗಿ ನಿಂತಿತು. ಪಟ್ಟಿಯಲ್ಲಿಲ್ಲದ ನಂಬರ್. ಕೋಣೆಯಲ್ಲಿ ದೊಡ್ಡಮಾದಯ್ಯನೊಬ್ಬನೇ. ಗುಂಡಿ ಒತ್ತಿ ಅಳಿಸಿದ್ದರೆ ಕೇಸು ಅಲ್ಲಿಗೇ ಸಾಯುತ್ತಿತ್ತು. ಆದರೆ ನಿವೃತ್ತಿಗೆ ಎಂಟೇ ತಿಂಗಳಿತ್ತು. ಪಿಂಚಣಿಗೆ ಕಲ್ಲು ಬಿದ್ದರೆ ಗತಿಯೇನು? ನಂಬರ್ ಬರೆದು ಸಾಹೇಬರ ಮುಂದಿಟ್ಟ.

ಮಾರನೇ ದಿನ ಫೋನ್ ಕಂಪನಿಯಿಂದ ಫ್ಯಾಕ್ಸ್ ಬಂತು. ಹೆಸರು ಕೋಮಲ, ಊರು ಹೆಮ್ಮರಗಾಲ, ಹಗಲೆಲ್ಲ ಫೋನ್ ಇರುವುದು ತಾಂಡ್ಯದ ಟವರ್‌ನಲ್ಲಿ. ಕಾರ್ಖಾನೆಯ ಲ್ಯಾಬ್ ಸಹಾಯಕಿ. ಮಧ್ಯಾಹ್ನ ಮೂರಕ್ಕೆ ಬಂಧನ.

“ಮಂಟೇಸ್ವಾಮಿ ಎಲ್ಲ ಹೇಳ್ಬಿಟ್ಟಿದಾನೆ,” ಎಂದು ದೀಪಕ್ ಸುಳ್ಳು ಹೇಳಿದರು.

ಕೋಮಲ ನಂಬಿಬಿಟ್ಟಳು. “ಮಂಟೇಸ್ವಾಮಣ್ಣನೇ ಯೋಳಿರ್ಬೇಕು ಬುಡಿ. ನಾವು ಫೋನಲ್ಲಿ ಮಾತೇ ಆಡಿಲ್ಲ ಸಾ. ಎರಡು ರಿಂಗ್ ಕೊಟ್ರೆ ಬಸ್‌ಸ್ಟ್ಯಾಂಡಿಗೆ ಬರೋರು. ಮಿಸ್ಡ್ ಕಾಲ್‌ಗೆ ದುಡ್ಡೇ ಕಟ್ಟಾಗಲ್ಲ, ಕಂಪ್ನಿ ಪಟ್ಟೀಲಿ ಅದೆಲ್ಲಿ ಉಳೀತದೆ?”

“ಹಾಳೆ ಯಾಕೆ ಕೊಟ್ಟೆ?”

“ಸರ್ಕಾರಕ್ಕೆ ತೋರ್ಸೋ ರಿಜಿಸ್ಟರಲ್ಲಿ ಎರಡು ವರ್ಸ ನೀರು ಸರಿಯಾಗೇ ಅದೆ ಅಂತ ನಾನೇ ಸುಳ್ಳು ಬರ್ದೆ ಸಾ. ಅದ್ನ ಜನ ಕುಡೀತಾರೆ. ನಂಗೆ ಅನ್ನ ಸೇರ್ತಿರ್ಲಿಲ್ಲ.”

ಐದು ಗಂಟೆಗೆ ಮಂಟೇಸ್ವಾಮಿಯನ್ನು ಬಿಟ್ಟರು. ಜೀಪ್ ಹತ್ತುತ್ತಿದ್ದ ಕೋಮಲ ಅವನನ್ನು ಕಂಡು ಮುಖ ತಿರುಗಿಸಿದಳು. ಅವನು ದೊಡ್ಡಮಾದಯ್ಯನ ಕೈ ಹಿಡಿದುಕೊಂಡ.

“ನಾನು ಬಾಯಿ ಬುಡ್ಲಿಲ್ಲ ಅಂತ ಅವ್ಳಿಗೆ ಒಂದು ಮಾತು ಯೋಳಿ ಸಾ. ಅಷ್ಟು ಸಾಕು.”

“ಆಗ್ಲಿ ಕಣಪ್ಪ.”

ಕೋರ್ಟಿನವರೆಗೂ ದೊಡ್ಡಮಾದಯ್ಯ ಅವಳ ಎದುರಿಗೇ ಕುಳಿತಿದ್ದ. ಹೇಳಲಿಲ್ಲ. ಹೇಳಿದ್ದರೆ, “ಮತ್ತೆ ನನ್ನ ಹಿಡಿಸಿಕೊಟ್ಟೋರು ಯಾರು?” ಎಂದು ಅವಳು ಕೇಳುತ್ತಿದ್ದಳು.